ಸ್ಕ್ರೂವಿನ ಮೇಲಿನ ಕೆಂಪು

“ಮಗಳು ಮುಟ್ಟಿರಬೇಕು” ಎಂದು ಅಪ್ಪ ಹೇಳಿದ. ಬೈಯುವ ದನಿಯೇನಲ್ಲ. ಪಾತ್ರೆಯಲ್ಲಿ ಹಾಲು ಕಡಿಮೆಯಾಗಿದ್ದರೆ ಬೆಕ್ಕು ಬಾಯಿ ಹಾಕಿರಬೇಕು ಎನ್ನುತ್ತಾರಲ್ಲ, ಅಂಥ ದನಿ; ಬೆಕ್ಕಿನ ಮೇಲೆ ಯಾರಿಗೂ ಸಿಟ್ಟಿಲ್ಲ, ಅದರ ಜಾಯಮಾನವೇ ಅಷ್ಟು ಎಂಬ ಹಾಗೆ. ಅವಳು ಶೆಡ್ಡಿನ ಒಳಗೆ ಮೇಜಿನ ಮುಂದೆ ನಿಂತು ಯಾವುದೋ ಕಾರ್ಬ್ಯುರೇಟರಿನ ಜೆಟ್ಟನ್ನು, ಎಂಜಿನ್ನಿಗೆ ಪೆಟ್ರೋಲು ಹಾಯುವ ಹಿತ್ತಾಳೆಯ ಪುಟ್ಟ ಕೊಳವೆಯನ್ನು, ಪೆಟ್ರೋಲಿನಲ್ಲಿ ಅದ್ದಿ ಬ್ರಶ್ಶಿನಿಂದ ಉಜ್ಜುತ್ತಿದ್ದಳು. ಮಾತು ಕಿವಿಗೆ ಬಿದ್ದರೂ ಕೈ ನಿಲ್ಲಲಿಲ್ಲ. ಕೈ ನಿಲ್ಲಲಿಲ್ಲವಲ್ಲ ಎಂಬುದೇ ಮಾತಿಗಿಂತ ಹೆಚ್ಚು ಚುಚ್ಚಿತು. ಎಷ್ಟು ಸಲ ಕೇಳಿದರೆ ಒಂದು ಮಾತು ಹೀಗೆ ಮೈಗೆ ಒಗ್ಗಿಹೋಗುತ್ತದೆ? ಬಾಗಿಲಲ್ಲಿ ಸೊಂಟದವರೆಗೆ ಒದ್ದೆಯಾಗಿ ನಿಂತಿದ್ದ ಹಗ್ಗದವನು ಅವಳ ಕಡೆ ಒಮ್ಮೆ ನೋಡಿದ, ಮತ್ತೆ ಅಪ್ಪನ ಕಡೆ ನೋಡಿದ, ಆಮೇಲೆ ಕೈಯಲ್ಲಿದ್ದ, ದೋಣಿ ತಳ್ಳುವ ಮುರಿದ ಗಳುವನ್ನು ತಂದು ಮೇಜಿನ ಮೇಲೆ, ಅವಳ ಜೆಟ್ಟಿನ ಪಕ್ಕದಲ್ಲೇ ಇಟ್ಟ.

ಹಗ್ಗದವನೆಂದರೆ ಬಂದರಿನಲ್ಲಿ ಹಗ್ಗದ ದೋಣಿ ನಡೆಸುವವನು. ದೊಡ್ಡ ಹಡಗು ಧಕ್ಕೆಯ ಕಟ್ಟೆಯ ಹತ್ತಿರ ಬಂದಾಗ ಮೇಲಿನಿಂದ ತೊಡೆ ಗಾತ್ರದ ಹಗ್ಗ ಇಳಿಸುತ್ತಾರೆ; ಇವನು ಹಡಗಿನ ಪಕ್ಕೆಗೇ ದೋಣಿ ತಂದು ಹಗ್ಗವನ್ನು ಕೊಂಡಿಗೆ ಸಿಕ್ಕಿಸಿಕೊಂಡು ದಡದ ಕಬ್ಬಿಣದ ಗೂಟದವರೆಗೆ ಎಳೆದೊಯ್ಯಬೇಕು. ಒಂದು ಕಡೆ ಹಡಗಿನ ಗೋಡೆ, ಇನ್ನೊಂದು ಕಡೆ ಧಕ್ಕೆಯ ಗೋಡೆ, ನಡುವೆ ಈ ಪುಟ್ಟ ದೋಣಿ. ಹಗ್ಗ ಸಿಕ್ಕಿದ ಕ್ಷಣವೇ ಅಲ್ಲಿಂದ ಹಾರಿ ಹೊರಗೆ ಬರಬೇಕು, ಯಾಕೆಂದರೆ ಹಡಗಿಗೆ ಬ್ರೇಕು ಇಲ್ಲ, ಕಣ್ಣೂ ಇಲ್ಲ. ಇವತ್ತು ಬೆಳಿಗ್ಗೆ ಇವನು ಥ್ರಾಟಲ್ ಒತ್ತಿದಾಗ ಎಂಜಿನ್ನು ಒಮ್ಮೆ ಗುಕ್ಕೆಂದು ಕೆಮ್ಮಿ ಉಸಿರು ಕಟ್ಟಿ ನಿಂತಿತಂತೆ. ನಿಂತಿದ್ದು ಎಷ್ಟು ಹೊತ್ತು ಎಂದು ಕೇಳಬೇಡಿ ಅಂದ, ನನಗೆ ನನ್ನ ಅಪ್ಪ ಅಮ್ಮ ಎಲ್ಲರೂ ಕಂಡರು. ಜೊತೆಗಿದ್ದ ಹೆಂಡತಿಯ ತಮ್ಮ ಗಳುವಿನಿಂದ ಹಡಗನ್ನು ಒತ್ತಿ ಹಿಡಿದ. ಹಡಗನ್ನು ಒತ್ತಿ ಹಿಡಿಯುವುದು! ಗಳು ಎರಡು ತುಂಡಾಯಿತು. ಅಷ್ಟರಲ್ಲಿ ಎಂಜಿನ್ನಿಗೆ ಮತ್ತೆ ಉಸಿರು ಬಂತು.

“ನಿನ್ನೆ ತಾನೆ ನಿಮ್ಮ ಕೆಂಪು ಹಾಕಿಸ್ಕೊಂಡು ಹೋದೆ ಮೇಸ್ತ್ರಿಗಳೇ. ಕೆಂಪು ನೋಡಿ ನಂಬಿದೆ.”

ಅದಕ್ಕೇ ಅಪ್ಪ ಆ ಮಾತು ಹೇಳಿದ್ದು.

ಈ ದಡದಲ್ಲಿ ಎಂಜಿನ್ ಟ್ಯೂನ್ ಮಾಡುವವರಿಗೆಲ್ಲ ಒಂದೊಂದು ಬಣ್ಣ. ಗಾಳಿ ಎಷ್ಟು ಪೆಟ್ರೋಲು ಎಷ್ಟು ಎಂದು ಸರಿ ನೋಡಿ ಮುಗಿಸಿದ ಮೇಲೆ ಕಾರ್ಬ್ಯುರೇಟರಿನ ಸ್ಕ್ರೂವಿನ ತಲೆಯ ಮೇಲೆ ತಮ್ಮ ಬಣ್ಣದ ಒಂದು ಬೊಟ್ಟು ಇಡುತ್ತಾರೆ. ಬಣ್ಣ ಒಣಗಿತೆಂದರೆ ಆ ಎಂಜಿನ್ನು ಆ ಮನುಷ್ಯನ ಮಾತು. ಬೇರೆಯವರ ಬಣ್ಣ ಒಡೆದು ಸ್ಕ್ರೂ ತಿರುಗಿಸುವುದೆಂದರೆ ಅವರ ಮುಖಕ್ಕೆ ಹೊಡೆದ ಹಾಗೆ. ಹಾಗೆ ಮಾಡಿದವನ ಜೊತೆ ವರ್ಷಗಟ್ಟಲೆ ಮಾತು ಬಿಟ್ಟವರಿದ್ದಾರೆ. ಪಕ್ಕದ ಶೆಡ್ಡಿನವನದು ನೀಲಿ, ಆಚೆ ಮೂಲೆಯವನದು ಹಳದಿ, ಅಪ್ಪನದು ಕೆಂಪು. ಕೆಂಪಿನ ಮೇಲೆ ಯಾರೂ ಕೈಯಿಟ್ಟಿದ್ದಿಲ್ಲ. ಕಿಟಕಿಯ ಹಲಗೆಯ ಮೇಲೆ ಒಂದು ಬೆರಳುದ್ದದ ಬಾಟಲಿ, ಮುಚ್ಚಳಕ್ಕೇ ಅಂಟಿಕೊಂಡಿರುವ ಪುಟ್ಟ ಬ್ರಶ್ಶು. ಅಮ್ಮ ಯಾವಾಗಲೋ ಆಸೆಪಟ್ಟು ಕೊಂಡು, ಎಣ್ಣೆ ಮಸಿಯ ಮನೆಯಲ್ಲಿ ಇದೆಲ್ಲ ಯಾಕೆ ಎಂದು ಅಪ್ಪ ನಕ್ಕಿದ್ದಕ್ಕೆ ಒಂದು ದಿನವೂ ಹಚ್ಚಿಕೊಳ್ಳದೆ ಬಿಟ್ಟ ಉಗುರುಬಣ್ಣದ ಬಾಟಲಿ ಅದು. ಅಮ್ಮ ಹೋದಳು, ಬಣ್ಣ ಮುಗಿಯಿತು, ಬಾಟಲಿಗೆ ದೋಣಿಗೆ ಬಳಿಯುವ ಕೆಂಪು ತುಂಬಿದರು.

ಅಪ್ಪನ ಕೈ ನಡುಗಲು ಶುರುವಾದ ದಿನ ಅವಳಿಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಸ್ಕ್ರೂಡ್ರೈವರಿನ ತುದಿ ಸ್ಕ್ರೂವಿನ ಸೀಳಿಗೆ ಕೂರುತ್ತಿಲ್ಲ. ಕೂರಿಸುತ್ತಾನೆ, ಜಾರುತ್ತದೆ; ಮತ್ತೆ ಕೂರಿಸುತ್ತಾನೆ. ಗಿರಾಕಿ ಹೊರಗೆ ಸಿಗರೇಟು ಸೇದುತ್ತ ನಿಂತಿದ್ದ. ಅಪ್ಪ ತಲೆಯೆತ್ತಿ ಅವಳನ್ನು ನೋಡಿದ. ಕರೆಯಲಿಲ್ಲ, ಕೇಳಲಿಲ್ಲ, ಕೈಯಲ್ಲಿದ್ದುದನ್ನು ಸುಮ್ಮನೆ ಅವಳ ಕಡೆ ಹಿಡಿದ. ಅವಳು ತಿರುಗಿಸಿದಳು. ಅಪ್ಪ ಕಣ್ಣು ಮುಚ್ಚಿ ಕೇಳಿ “ಸಾಕು” ಅಂದ. ಆಮೇಲೆ ಬಣ್ಣ ಮಾತ್ರ ತಾನೇ ಹಾಕಿದ. ಬೊಟ್ಟು ಹರಡಿ ಅರ್ಧ ಕಾರ್ಬ್ಯುರೇಟರು ಕೆಂಪಾಯಿತು. ಅವತ್ತಿನಿಂದ ಹಾಗೇ ನಡೆಯಿತು, ಹಾಗೇ ಬೆಳೆಯಿತು. ಅಪ್ಪನ ‘ಸಾಕು’ ಬರುವ ಮೊದಲೇ ಅವಳ ಕೈ ನಿಲ್ಲತೊಡಗಿತು. ಆಮೇಲೆ ಅವನು ‘ಸಾಕು’ ಎನ್ನುವುದನ್ನೇ ಬಿಟ್ಟು ಬಾಗಿಲ ಬಳಿಯ ಬೆತ್ತದ ಕುರ್ಚಿಗೆ ಹೋಗಿ ಕೂತ. ಗಿರಾಕಿಗಳು ಮಾತ್ರ, ಮೇಸ್ತ್ರಿಗೆ ವಯಸ್ಸಾದ ಹಾಗೆ ಕೈ ಧಾರಾಳವಾಗಿದೆ, ಎಷ್ಟು ಬಣ್ಣ ಹಾಕ್ತಾರೆ ನೋಡಿ ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಎಂಜಿನ್ನು ಚೆನ್ನಾಗಿ ಓಡಿದರೆ ಕೆಂಪು ಓಡಿತು. ಕೆಟ್ಟರೆ ಮಗಳು ಮುಟ್ಟಿರಬೇಕು.

ಮುಟ್ಟಿದ್ದೇನೋ ನಿಜವೇ. ನಿನ್ನೆ ಹಗ್ಗದವನು “ಸ್ವಲ್ಪ ಸ್ಪೀಡು ಬೇಕಮ್ಮ, ಎತ್ತಿದ ತಕ್ಷಣ ಎಗರಬೇಕು” ಎಂದಾಗ ಅವಳಿಗೆ ಒಳಗೊಳಗೇ ಎಂಥ ಖುಷಿ. ಮೀನಿನ ದೋಣಿಗಳನ್ನು ಟ್ಯೂನ್ ಮಾಡಿ ಮಾಡಿ ಬೇಸರ ಬಂದಿತ್ತು. ಅವಕ್ಕೆ ಪೆಟ್ರೋಲು ಧಾರಾಳವಾಗಿ ಬಿಟ್ಟರೆ ಸಾಕು, ಹೊಟ್ಟೆ ತುಂಬಿದ ಹಾಗೆ ನಿಧಾನವಾಗಿ ಹೋಗಿ ನಿಧಾನವಾಗಿ ಬರುತ್ತವೆ. ಬಿಚ್ಚಿ ಶೆಡ್ಡಿಗೆ ತಂದು ನೀರಿನ ಪೀಪಾಯಿಗೆ ಇಳಿಸಿದ್ದ ಹಗ್ಗದ ದೋಣಿಯ ಎಂಜಿನ್ನನ್ನು ನಡೆಸುತ್ತ ಅವಳು ಸ್ಕ್ರೂವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಒಳಗೆ ತಿರುಗಿಸುತ್ತ ಹೋದಳು. ಪೆಟ್ರೋಲು ಕಡಿಮೆಯಾಗುತ್ತ ಹೋದಂತೆ ಸದ್ದು ಗೊರಗೊರ ಬಿಟ್ಟು, ಒಂದು ಹಂತದಲ್ಲಿ ಗಂಟಲು ಸರಿಮಾಡಿಕೊಂಡ ಹಾಗೆ ತಿಳಿಯಾಯಿತು. ಆ ಸದ್ದಿನ ಮೇಲೆ ಅವಳಿಗೆ ಮೋಹ. ಇನ್ನೊಂಚೂರು, ಇನ್ನೊಂಚೂರು ಎಂದು ಕೈ ಹೋಯಿತು. ಆ ಇನ್ನೊಂಚೂರಿನಲ್ಲಿ ಇವತ್ತು ಬೆಳಿಗ್ಗೆ ಇಬ್ಬರು ಗಂಡಸರು ಹಡಗಿಗೂ ಗೋಡೆಗೂ ನಡುವೆ ಚಪ್ಪಟೆಯಾಗಬಹುದಿತ್ತು. ಮುರಿದ ಗಳುವಿನ ತುದಿ ಹಸಿ ಮರದ ಸಿಬಿರು ಸಿಬಿರಾಗಿ ಅವಳ ಮುಂದೆಯೇ ಇತ್ತು. ಅದನ್ನು ನೋಡದೆ ಇರಲು ಅವಳಿಗೆ ಆಗಲಿಲ್ಲ.

“ಇನ್ನು ಮುಂದೆ ಮಗ ನೋಡ್ಕೋತಾನೆ ಬಿಡಿ” ಎಂದು ಅಪ್ಪ ಕುರ್ಚಿಯಿಂದಲೇ ಕೈ ಚಾಚಿ ಕಿಟಕಿಯ ಹಲಗೆಯ ಬಾಟಲಿ ತೆಗೆದುಕೊಂಡ. “ಹೇಗಿದ್ರೂ ಒಂದು ದಿನ ಕೊಡಬೇಕಿತ್ತು. ಇವತ್ತೇ ಆಗ್ಲಿ. ಬಾರೋ, ತಗೋ.”

ಅವಳ ತಮ್ಮನೆಂದರೆ ಶೆಡ್ಡಿನ ಮುಂದಿನ ಮೇಜಿನ ಬಳಿ ಕೂತು ಫೋನು ಎತ್ತುವವನು, ಗಿರಾಕಿಗಳಿಗೆ ಚಹಾ ತರಿಸುವವನು. ಹೊಸ ಎಂಜಿನ್ನು ಮಾರುವ ಶೋರೂಮಿನಲ್ಲಿ ಕೆಲಸ ಮಾಡಿ ಬಂದಿದ್ದ. ಮಾತು ಬೆಣ್ಣೆ, ಮನಸ್ಸೂ ಕೆಟ್ಟದ್ದಲ್ಲ. ಕಾರ್ಬ್ಯುರೇಟರಿನ ಮುಚ್ಚಳ ಎಷ್ಟು ಸ್ಕ್ರೂಗಳ ಮೇಲೆ ನಿಂತಿದೆ ಎಂದು ಕೇಳಿದರೆ ಮಾತ್ರ ಅಕ್ಕನ ಮುಖ ನೋಡುತ್ತಾನೆ. ಈಗಲೂ ನೋಡಿದ. ಆದರೂ ಕೈ ಚಾಚಿ ಬಾಟಲಿ ಇಸಿದುಕೊಂಡ. ಅಪ್ಪನ ಕೈ ನಡುಗುತ್ತಿದ್ದುದರಿಂದ ಎಲ್ಲಿ ಬಿದ್ದುಹೋಗುತ್ತದೋ ಎಂದು ಇಸಿದುಕೊಂಡಿದ್ದು ಎಂದು ಆಮೇಲೆ ಹೇಳಬಹುದು. ಅಷ್ಟು ಚಿಕ್ಕ ಬಾಟಲಿ. ಅದು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವುದನ್ನು ನೋಡುತ್ತ ಅವಳು ಜೆಟ್ಟು ಉಜ್ಜುವುದನ್ನು ನಿಲ್ಲಿಸಿದಳು. ಛೆ, ಉಗುರುಬಣ್ಣದ ಬಾಟಲಿಗೆ ಇಷ್ಟೊಂದು ಸಂಕಟವೆ ಎಂದು ತನ್ನ ಮೇಲೇ ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಸಿಟ್ಟು ಬಂತು, ಆ ಸಿಟ್ಟು ಹಿತವಾಗಿತ್ತು.

“ಹೌದು, ನಾನೇ ಮುಟ್ಟಿದ್ದು” ಎಂದಳು.

ಅವಳು ಜೆಟ್ಟನ್ನು ಬಟ್ಟೆಯ ಮೇಲಿಟ್ಟು ಕೈ ಒರೆಸಿಕೊಂಡಳು.

“ನಿನ್ನೆ ಮಾತ್ರ ಅಲ್ಲ. ಹೋದ ವರ್ಷಾನೂ ನಾನೇ, ಅದರ ಹಿಂದಿನ ವರ್ಷಾನೂ ನಾನೇ. ಅಪ್ಪ ಸ್ಕ್ರೂ ಮುಟ್ಟಿ ಎಷ್ಟು ಕಾಲ ಆಯ್ತು ಅಂತ ಅವನನ್ನೇ ಕೇಳಿ.”

“ಅಕ್ಕ, ಬಿಡೇ” ಎಂದು ತಮ್ಮ ಮೆಲ್ಲಗೆ ಅಂದ. “ಗಿರಾಕಿ ಮುಂದೆ ಯಾಕೆ?”

“ಅವನು ಮುರಿದ ಗಳು ಹಿಡ್ಕೊಂಡು ಬಂದಿದಾನೆ ಕಣೋ. ಅವನ ಮುಂದೆ ಅಲ್ದೆ ಇನ್ಯಾರ ಮುಂದೆ?”

ಅಪ್ಪ ಕೆಮ್ಮಿದ. ಕೆಮ್ಮು ಬಂದಿದ್ದಕ್ಕಲ್ಲ. ಅವನ ಮುಖ ನೋಡಲು ಅವಳಿಗೆ ಧೈರ್ಯವಾಗಲಿಲ್ಲ. ನೋಡಿದರೆ ಕರುಣೆ ಬರುತ್ತದೆ, ಬಂದರೆ ಮುಗಿಯಿತು, ಇಷ್ಟು ವರ್ಷ ನಡೆದಿದ್ದೆಲ್ಲ ಆ ಕರುಣೆಯಿಂದಲೇ ನಡೆದದ್ದು. ಹಗ್ಗದವನು ತನ್ನ ಒದ್ದೆ ಪ್ಯಾಂಟನ್ನು ಹಿಂಡಿಕೊಳ್ಳುತ್ತ, ಇವರ ಮನೆಯ ಜಗಳ ತನಗೆ ಸಂಬಂಧವೇ ಇಲ್ಲ ಎನ್ನುವವನ ಹಾಗೆ ಹೇಳಿದ: “ಯಾರು ತಿರುಗಿಸಿದ್ರೋ ನನಗೆ ಬೇಡಮ್ಮ. ಮಧ್ಯಾಹ್ನ ಇನ್ನೊಂದು ಹಡಗಿದೆ. ನನ್ನ ಹೆಂಡತಿ ತಮ್ಮ ಇನ್ನು ದೋಣಿ ಹತ್ತಲ್ಲ ಅಂತ ಮನೆಗೆ ಹೋದ. ತಿರುಗಿಸಿದೋರು ಯಾರಾದ್ರೂ ಸರಿ, ನನ್ನ ಜೊತೆ ದೋಣೀಲಿ ಕೂತು ಬರ್ಲಿ. ಕೆಮ್ಮಿದ್ರೆ ಇಬ್ರೂ ಜೊತೆಗೇ ಸಾಯೋಣ. ನ್ಯಾಯ ತಾನೆ?”

“ಬರ್ತೀನಿ” ಎಂದಳು.

“ಟ್ಯೂನ್ ಮಾಡೋರು ದೋಣಿ ಹತ್ತಬಾರದು” ಎಂದು ಅಪ್ಪ ತಟ್ಟನೆ ಹೇಳಿದ. “ನೆಲದ ಮೇಲೆ ನಿಂತ್ರೇನೆ ಕಿವಿ ಕೇಳೋದು. ನೀರಿಗಿಳಿದ್ರೆ ಕಿವೀಗೆ ಮೋಸ.”

ಇದು ಅಪ್ಪನ ಹಳೆಯ ಮಾತು. ಇದನ್ನು ಕೇಳಿಯೇ ಅವಳು ಬೆಳೆದವಳು, ನಂಬಿದವಳು. ಕೆಂಪಿನ ಮೇಸ್ತ್ರಿ ಎಂದೂ ದೋಣಿ ಹತ್ತಿದವನಲ್ಲ; ಎಂಜಿನ್ನು ಬಿಚ್ಚಿ ಶೆಡ್ಡಿಗೆ ತರಬೇಕು, ಇಲ್ಲವೆ ದೋಣಿಯನ್ನು ಧಕ್ಕೆಗೆ ಕಟ್ಟಿ ಮಗಳನ್ನೋ ಆಳನ್ನೋ ಇಳಿಸಿ ತಾನು ದಡದಲ್ಲಿ ನಿಂತು ಹೇಳಬೇಕು. ಅದೊಂದು ಗತ್ತು ಎಂದು ಜನ ತಿಳಿದಿದ್ದರು. ಅಮ್ಮ ಮಾತ್ರ ಒಮ್ಮೆ ಅವಳ ತಲೆ ಬಾಚುತ್ತ, ನಿಮ್ಮಪ್ಪನಿಗೆ ನೀರು ಅಂದ್ರೆ ಜೀವಭಯ ಕಣೇ, ಬಾವಿಗೂ ಬಗ್ಗಿ ನೋಡಲ್ಲ, ಯಾರಿಗೂ ಹೇಳಬೇಡ ಎಂದು ನಕ್ಕಿದ್ದಳು. ಅವಳು ಯಾರಿಗೂ ಹೇಳಲಿಲ್ಲ. ಕಟ್ಟಿದ ದೋಣಿಗೆ ಇಳಿದಿದ್ದಾಳೆಯೇ ಹೊರತು, ಹಗ್ಗ ಬಿಚ್ಚಿದ ದೋಣಿಯಲ್ಲಿ ಅವಳೂ ಎಂದೂ ಕೂತವಳಲ್ಲ. ಅಪ್ಪನ ಭಯವನ್ನೇ ವಿದ್ಯೆ ಎಂದು ಕಲಿತುಬಿಟ್ಟೆನಲ್ಲ ಎಂದು ಈಗ ಚೀಲಕ್ಕೆ ಇಕ್ಕಳ, ಸ್ಕ್ರೂಡ್ರೈವರು, ಬಟ್ಟೆ ತುಂಬುತ್ತ ಅವಳಿಗೆ ಹೊಳೆಯಿತು. ಹೇಳಿಬಿಡಲೆ? ನಾಲಿಗೆಯ ತುದಿಗೆ ಬಂತು. ಬೇಡ. ಅದೊಂದು ಅಮ್ಮನ ಮಾತು, ಅದನ್ನು ಜಗಳಕ್ಕೆ ಬಳಸುವುದು ಬೇಡ.

“ಕಿವಿ ನನ್ನ ಜೊತೇನೇ ಬರುತ್ತೆ ಅಪ್ಪ” ಎಂದಷ್ಟೇ ಹೇಳಿ ಹೊರಟಳು.

ಧಕ್ಕೆಯ ಮೆಟ್ಟಿಲು ಪಾಚಿಗಟ್ಟಿತ್ತು. ಹಗ್ಗದವನು ಕೈ ಕೊಟ್ಟ; ಬೇಡವೆಂದು ತಾನೇ ಇಳಿದಳು, ಇಳಿದು ಜಾರಿ ಮೊಣಕಾಲು ತರಚಿಕೊಂಡಳು. ಅವನು ನೋಡಿಯೂ ನೋಡದ ಹಾಗೆ ಹಗ್ಗ ಬಿಚ್ಚಿದ. ದೋಣಿ ದಡ ಬಿಟ್ಟು ಒಂದು ಮಾರು ಸರಿದಿದ್ದೇ ತಡ, ಕಾಲ ಕೆಳಗೆ ಏನೂ ಇಲ್ಲ ಎಂಬುದು ಅವಳ ಹೊಟ್ಟೆಗೆ ಮೊದಲು ತಿಳಿಯಿತು. ಎಂಜಿನ್ನಿನ ಸದ್ದು ನಿನ್ನೆಯಷ್ಟೇ ತಿಳಿ. ಅವನು ನಿಧಾನವಾಗಿ ಹೋಗುವಾಗ ಅದು ಅವಳ ಕಡೆಯೇ ತಿರುಗಿ, ನನ್ನಲ್ಲೇನು ತಪ್ಪಿದೆ ಹೇಳು ಎನ್ನುವ ಹಾಗೆ ಓಡುತ್ತಿತ್ತು. ಕಿವಿಗೆ ಏನೂ ಸಿಗಲಿಲ್ಲ. ಒಂದು ಕ್ಷಣ, ಈ ಹಗ್ಗದವನೇ ಏನೋ ಎಡವಟ್ಟು ಮಾಡಿರಬೇಕು ಎಂಬ ಆಸೆ ಮೂಡಿತು. ತಪ್ಪನ್ನು ದಾಟಿಸಲು ಮನಸ್ಸು ಎಷ್ಟು ಬೇಗ ಜನ ಹುಡುಕುತ್ತದೆ, ತಾನೂ ಅಪ್ಪನ ಮಗಳೇ ಸರಿ ಅನ್ನಿಸಿತು.

“ಈಗ ನೋಡು” ಎಂದು ಹಗ್ಗದವನು ಥ್ರಾಟಲನ್ನು ಒಂದೇ ಸಲ ಮುಂದಕ್ಕೆ ತಳ್ಳಿದ.

ದೋಣಿಯ ಮೂತಿ ಮೇಲೆದ್ದಿತು. ಅವಳು ಕೂತ ಹಲಗೆಯ ಮೇಲೆ ಹಿಂದಕ್ಕೆ ಜಾರಿದಳು, ಚೀಲ ಜಾರಿತು, ಚೀಲದಿಂದ ಇಕ್ಕಳ ಉರುಳಿ ಹಿಂದಿನ ಮೂಲೆಗೆ ಹೋಯಿತು. ಆಗಲೇ ಎಂಜಿನ್ನು ಗುಕ್ಕೆಂದಿತು, ನಿಂತಿತು ಎನ್ನುವಷ್ಟರಲ್ಲಿ ಮೂತಿ ಇಳಿಯಿತು, ಮತ್ತೆ ಉಸಿರು ಬಂತು. ಹೊಟ್ಟೆಯಲ್ಲಿದ್ದುದೆಲ್ಲ ಗಂಟಲಿಗೆ ಬಂದು ಅವಳು ಪಕ್ಕಕ್ಕೆ ಬಾಗಿ ವಾಂತಿ ಮಾಡಿದಳು. ಹಗ್ಗದವನು ನೀರಿನ ಬಾಟಲಿ ಚಾಚಿ, “ಎಂಜಿನ್ ಡಾಕ್ಟ್ರಿಗೇ ಹೀಗಾದ್ರೆ ಹೇಗಮ್ಮ?” ಎಂದು ನಕ್ಕ. ಅವಳು ಬಾಯಿ ಮುಕ್ಕಳಿಸಿ ಉಗಿದು, ನಗಲೂ ಇಲ್ಲ ಸಿಟ್ಟಾಗಲೂ ಇಲ್ಲ. ಮೂಲೆಗೆ ಹೋಗಿ ಬಿದ್ದ ಇಕ್ಕಳವನ್ನೇ ನೋಡುತ್ತಿದ್ದಳು. ತಾನು ಜಾರಿದೆ. ಚೀಲ ಜಾರಿತು. ಇಕ್ಕಳ ಜಾರಿತು. ಹಾಗಾದರೆ ಕಾರ್ಬ್ಯುರೇಟರಿನ ಬಟ್ಟಲಿನಲ್ಲಿರುವ ಪೆಟ್ರೋಲು?

“ಎಂಜಿನ್ ಆಫ್ ಮಾಡಿ. ಆ ಹಗ್ಗದ ರಾಶಿ ಎಲ್ಲ ಹಿಂದಕ್ಕೆ ಎಳೀರಿ. ನೀವೂ ಹಿಂದೆ ಬಂದು ಕೂತ್ಕೊಳ್ಳಿ, ಮೂತಿ ಮೇಲೆ ಏಳ್ಬೇಕು.”

“ಮುಳುಗಿಸ್ತೀಯಾ ಹೇಗೆ?”

“ಈಗ ಎದ್ದಿತ್ತಲ್ಲ, ಅಷ್ಟೇ ಏಳ್ಬೇಕು. ಮೈಗೆ ಗೊತ್ತಾಗುತ್ತೆ, ನಾನು ಹೇಳ್ತೀನಿ.”

ಅವನು ಗೊಣಗುತ್ತ ಎಳೆದ. ಜಾರುವಷ್ಟು ಓರೆಯಾದಾಗ ಅವಳು ಸಾಕು ಎಂದಳು. ‘ಸಾಕು’ ಎಂದಿದ್ದು ತಾನು ಎಂಬುದು ಒಂದು ಕ್ಷಣ ಕಿವಿಯಲ್ಲಿ ಉಳಿಯಿತು. ಎಂಜಿನ್ನು ಆರಲು ಬಿಟ್ಟು, ಮುಚ್ಚಳದ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ತುಟಿಯ ನಡುವೆ ಇಟ್ಟುಕೊಂಡು, ಮುಚ್ಚಳ ಎತ್ತಿ ಒಳಗೆ ನೋಡಿದಳು. ಶೆಡ್ಡಿನ ಮೇಜಿನ ಮೇಲೆ ಈ ಬಟ್ಟಲನ್ನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದಾಳೆ; ಅಲ್ಲಿ ಪೆಟ್ರೋಲು ತಟ್ಟೆಯಲ್ಲಿಟ್ಟ ನೀರಿನ ಹಾಗೆ ಸಮವಾಗಿ ನಿಂತಿರುತ್ತದೆ. ಇಲ್ಲಿ ಅದು ಪೂರ್ತಿ ಹಿಂದಿನ ಗೋಡೆಗೆ ಹೋಗಿ ಒರಗಿಕೊಂಡಿತ್ತು. ಈ ಕಡೆ, ಎಂಜಿನ್ನು ಹೀರಬೇಕಾದ ಜೆಟ್ಟಿನ ಬಾಯಿ ಒಣಗಿ ತೆರೆದುಕೊಂಡಿತ್ತು. ಇಷ್ಟೇ. ಮೂತಿ ಎತ್ತಿದ ಕ್ಷಣ ಎಂಜಿನ್ನು ಬಾಯಾರಿ ಬರೀ ಗಾಳಿ ಕುಡಿಯುತ್ತಿತ್ತು. ಪೆಟ್ರೋಲು ಧಾರಾಳವಾಗಿದ್ದಾಗ ಹೇಗೋ ತೂಗಿಸಿಕೊಂಡು ಹೋಗುತ್ತಿದ್ದುದು, ಅವಳು ಸ್ಪೀಡಿನ ಆಸೆಗೆ ಕಡಿಮೆ ಮಾಡಿದಾಗ ಸಿಕ್ಕಿಬಿತ್ತು. ಎಂದೂ ಅಲುಗಾಡದ ನೆಲದ ಮೇಲೆ ನಿಂತು, ಸದಾ ಅಲುಗಾಡುವ ದೋಣಿಗಳಿಗೆ ಅಪ್ಪ ಒಂದು ಜನ್ಮ, ತಾನು ಅರ್ಧ ಜನ್ಮ ಟ್ಯೂನ್ ಮಾಡಿದ್ದೇವೆ. ಅವಳಿಗೆ ನಗು ಬಂತು. ತುಟಿಯ ನಡುವೆ ಸ್ಕ್ರೂಗಳಿದ್ದುದರಿಂದ ನಗಲಾಗಲಿಲ್ಲ.

“ಏನು ಕಾಣುತ್ತೆ?” ಎಂದು ಹಗ್ಗದವನು ಕೇಳಿದ.

ಅವಳು ಸ್ಕ್ರೂಗಳನ್ನು ಅಂಗೈಗೆ ಉಗುಳಿ “ನನ್ನ ತಪ್ಪು ಕಾಣುತ್ತೆ” ಎಂದಳು. ಹೇಳಿದಾಗ ಆಶ್ಚರ್ಯವೆಂದರೆ ಹಗುರವೆನಿಸಿತು. ಅಪ್ಪ ಹೊರಿಸಿದಾಗ ಇದೇ ತಪ್ಪು ಮೈಗೆ ಕೆಸರಿನ ಹಾಗೆ ಅಂಟುತ್ತಿತ್ತು. ಈಗ ಕೈಯಲ್ಲಿ ಹಿಡಿದು ನೋಡಬಹುದಾದ, ಇಕ್ಕಳದಿಂದ ಬಗ್ಗಿಸಬಹುದಾದ ಒಂದು ವಸ್ತುವಾಗಿತ್ತು. ಬಟ್ಟಲಿನಲ್ಲಿ ಪೆಟ್ರೋಲು ಎಷ್ಟು ಎತ್ತರಕ್ಕೆ ನಿಲ್ಲಬೇಕೆಂದು ಹೇಳುವ ತೇಲುಗುಂಡಿನ ಹಿತ್ತಾಳೆ ನಾಲಿಗೆಯನ್ನು ಅವಳು ಒಂದಿಷ್ಟು ಬಗ್ಗಿಸಿದಳು. ಮಟ್ಟ ಏರಿತು. ಓರೆಯಾದರೂ ಜೆಟ್ಟಿನ ಬಾಯಿ ಮುಚ್ಚುವಷ್ಟು ಏರಿತು. ನಿನ್ನೆ ಅಪ್ಪ ಧಾರಾಳವಾಗಿ ಬಳಿದ ಕೆಂಪು ಸ್ಕ್ರೂವಿನ ತಲೆಯ ಮೇಲೆ ಬೆಳಗಿನ ಬಿಸಿಗೆ ಗಟ್ಟಿಯಾಗಿ ಕೂತಿತ್ತು. ಅದನ್ನು ಒಡೆಯುವ ಮೊದಲು ಕೈ ತಡೆಯಿತು. ದಡದ ಕಡೆ ನೋಡಿದಳು. ಅಷ್ಟು ದೂರದಿಂದ ಶೆಡ್ಡು ಎಷ್ಟು ಸಣ್ಣದು. ಬಾಗಿಲ ಬಳಿಯ ಕುರ್ಚಿ ಖಾಲಿಯಾಗಿತ್ತು. ಅಪ್ಪ ಎದ್ದು ಧಕ್ಕೆಯ ಅಂಚಿಗೆ ಬಂದು, ತಮ್ಮನ ತೋಳು ಹಿಡಿದುಕೊಂಡು ನಿಂತಿದ್ದ. ನೀರಿನ ಅಷ್ಟು ಹತ್ತಿರ ಅವನು ನಿಂತಿದ್ದನ್ನು ಅವಳು ಕಂಡಿದ್ದೇ ಇಲ್ಲ. ಮನಸ್ಸು ಒದ್ದೆಯಾಯಿತು. ಆಗಲಿ, ಒದ್ದೆಯಾಗಲಿ ಎಂದು ಸ್ಕ್ರೂಡ್ರೈವರಿನ ತುದಿಯನ್ನು ಕೆಂಪಿಗೆ ಒತ್ತಿ ಒಂದು ಪೆಟ್ಟು ಕೊಟ್ಟಳು. ಬಣ್ಣ ಚಕ್ಕೆಯಾಗಿ ಎದ್ದು ನೀರಿಗೆ ಬಿತ್ತು.

ಸ್ಕ್ರೂವನ್ನು ಒಂದಿಷ್ಟು ಹೊರಗೆ ತಿರುಗಿಸಿ, ಮುಚ್ಚಳ ಹಾಕಿ ಮೊದಲ ಸಲ ಓಡಿಸಿದಾಗ ಎಂಜಿನ್ನು ಮತ್ತೆ ಕೆಮ್ಮಿತು, ಆದರೆ ಗಂಟಲಲ್ಲಿ ಏನೋ ಸಿಕ್ಕಿಕೊಂಡವರ ಸಣ್ಣ ಕೆಮ್ಮು. ಅವಳು ಸ್ಕ್ರೂವನ್ನು ಇನ್ನೊಂದಿಷ್ಟು ಹೊರಗೆ ತಿರುಗಿಸಿದಳು. ಥ್ರಾಟಲ್ ಒತ್ತಿದ ಕ್ಷಣಕ್ಕೆ ಒಂದು ಚಿಮ್ಮು ಪೆಟ್ರೋಲು ಹೆಚ್ಚಾಗಿ ಕೊಡುವ ಪುಟ್ಟ ಪಂಪಿನ ಕಂಬಿಯನ್ನು ಬಿಚ್ಚಿ, ಚಿಮ್ಮು ದೊಡ್ಡದಾಗುವ ತೂತಿಗೆ ಹಾಕಿದಳು. ಸದ್ದಿನಲ್ಲಿ ನಿನ್ನೆಯ ತಿಳಿ ಹೋಗಿ ಒಂದು ಸಣ್ಣ ಗೊರಕೆ ಸೇರಿಕೊಂಡಿತು. ದಡದಲ್ಲಿ ನಿಂತು ಕೇಳಿದ್ದರೆ ಇದು ಸರಿಯಿಲ್ಲ ಎಂದು ಅವಳೇ ಹೇಳುತ್ತಿದ್ದಳು. “ಈಗ ತಳ್ಳಿ” ಎಂದಳು. ಅವನು ತಳ್ಳಿದ. ಮೂತಿ ಎದ್ದಿತು, ಎಂಜಿನ್ನು ಅದರ ಜೊತೆಗೇ ಎದ್ದಿತು, ಅವಳು ಹಲಗೆಯಿಂದ ಜಾರಿ ಹಗ್ಗದ ರಾಶಿಯ ಮೇಲೆ ಅಂಗಾತ ಬಿದ್ದು ಅಲ್ಲೇ ನಕ್ಕಳು. ಹಗ್ಗದವನು ಹಿಂದಿರುಗಿ ನೋಡಿ ತಾನೂ ನಗುತ್ತ, ಮತ್ತೆ ನಿಲ್ಲಿಸಿ ಮತ್ತೆ ಎಗರಿಸಿದ. ಯಾಕೋ ಸಾಲದೆಂದು ಇನ್ನೊಂದು ಸಲ ಎಗರಿಸಿದ.

ಅಷ್ಟರಲ್ಲಿ ಹಡಗು ಕೂಗಿತು.

“ಬಂದೇಬಿಡ್ತು” ಎಂದ ಹಗ್ಗದವನ ಮುಖದಿಂದ ನಗು ಹೋಯಿತು. “ನಿನ್ನ ದಡಕ್ಕೆ ಬಿಟ್ಟು ಹೋಗ್ತೀನಿ. ಹಗ್ಗ ನಾನೊಬ್ಬನೇ ಹೇಗೋ ಹಿಡೀತೀನಿ.”

“ಒಬ್ರೇ ಹಿಡಿಯೋಕಾಗುತ್ತಾ?”

“ಆಗಲ್ಲ.”

“ಮತ್ತೆ ಸುಮ್ನೆ ಹೋಗೋಣ.”

“ನೋಡಮ್ಮ, ಮಾತಿಗೆ ಹೇಳಿದ್ದು ನಾನು. ಜೊತೆಗೆ ಸಾಯೋಣ ಅಂತೆಲ್ಲ—”

“ನಾನು ಮಾತಿಗೆ ಕೇಳಿಸ್ಕೊಂಡಿಲ್ಲ” ಎಂದಳು.

ಹಡಗಿನ ಪಕ್ಕೆಯ ಕೆಳಗೆ ಬಿಸಿಲಿರಲಿಲ್ಲ. ತುಕ್ಕು ಹಿಡಿದ ಕಬ್ಬಿಣದ ಗೋಡೆ ಮೇಲೆ ಹೋಗುತ್ತ ಹೋಗುತ್ತ ಆಕಾಶವನ್ನು ಒಂದು ಪಟ್ಟಿಯಷ್ಟು ಉಳಿಸಿತ್ತು. ಇನ್ನೊಂದು ಕಡೆ ಧಕ್ಕೆಯ ಕಲ್ಲುಗೋಡೆ. ನಡುವಿನ ನೀರು ಕಪ್ಪಾಗಿ, ಯಾರೋ ಅದನ್ನು ಎರಡೂ ಕಡೆಯಿಂದ ಹಿಂಡುತ್ತಿರುವ ಹಾಗೆ ಉಬ್ಬುತ್ತಿತ್ತು. ಬೆಳಿಗ್ಗೆ ಇವರು ಇಲ್ಲೇ ನಿಂತಿದ್ದರು. ಇಲ್ಲಿ, ಈ ನೆರಳಿನಲ್ಲಿ, ಅವಳ ಕೈಯ ಒಂದು ಇನ್ನೊಂಚೂರಿನಿಂದಾಗಿ. ಮೇಲಿನಿಂದ ಯಾರೋ ಕೂಗಿದರು. ಮೊದಲು ತೆಳ್ಳನೆಯ ದಾರ ಬಂದು ಬಿತ್ತು. ಹಗ್ಗದವನು ಹೇಳಿಕೊಟ್ಟ ಹಾಗೆ ಅವಳು ಅದನ್ನು ಎಳೆಯುತ್ತ ಹೋದಳು, ಅದರ ಹಿಂದೆ ದೊಡ್ಡ ಹಗ್ಗದ ಕುಣಿಕೆ ನೀರು ಸುರಿಸುತ್ತ ಇಳಿಯಿತು. ಅದರ ಭಾರಕ್ಕೆ ದೋಣಿಯ ಹಿಂಭಾಗ ಕುಸಿಯಿತು, ಮೂತಿ ಎದ್ದಿತು. ಬಟ್ಟಲಿನಲ್ಲಿ ಪೆಟ್ರೋಲು ಹಿಂದಕ್ಕೆ ಒರಗುವುದು ಅವಳಿಗೆ ಕಣ್ಣಿಗೆ ಕಂಡಂತೆ ತಿಳಿಯಿತು. ಕುಣಿಕೆಯನ್ನು ಕೊಂಡಿಗೆ ಸಿಕ್ಕಿಸುವಾಗ ಅಂಗೈ ಸುಲಿಯಿತು. ಹಡಗಿನ ಗೋಡೆ ಹತ್ತಿರ ಬರುತ್ತಿರುವುದು ಕಾಣಲಿಲ್ಲ. ನೀರು ಕಡಿಮೆಯಾಗುತ್ತಿರುವುದು ಮಾತ್ರ ಕಂಡಿತು.

“ತಳ್ಳಿ” ಎಂದಳು.

ಅವನು ತಳ್ಳಿದ. ಆ ಕ್ಷಣದಲ್ಲಿ ಅವಳು ಅಪ್ಪನ ಹಾಗೆ ಕಣ್ಣು ಮುಚ್ಚಿ ಕೇಳಲಿಲ್ಲ. ಕಣ್ಣು ಬಿಟ್ಟುಕೊಂಡೇ ಇದ್ದಳು, ಸ್ಕ್ರೂವನ್ನೇ ನೋಡುತ್ತಿದ್ದಳು. ಎಂಜಿನ್ನು ಗೊರಕೆಯ ಸಮೇತ ಒಂದೇ ಉಸಿರಿಗೆ ಎದ್ದಿತು. ದೋಣಿ ಹಗ್ಗವನ್ನು ಎಳೆದುಕೊಂಡು ಆ ಕಪ್ಪು ನೀರಿನಿಂದ ಕಿತ್ತುಕೊಂಡು ಬಿಸಿಲಿಗೆ ಬಂದಿತು. ಹಿಂದೆ ಹಡಗು ಧಕ್ಕೆಯ ರಬ್ಬರುಗಳಿಗೆ ಒರಗಿ ದೊಡ್ಡದಾಗಿ ಕಿರುಗುಟ್ಟಿತು. ಗೂಟದ ಬಳಿ ನಿಂತವರು ಕುಣಿಕೆ ಇಸಿದುಕೊಂಡು ಹಾಕಿದರು. ಅವರಿಗೆ ಇದು ದಿನದ ಕೆಲಸ, ಯಾರೂ ಅವಳ ಕಡೆ ನೋಡಲಿಲ್ಲ. ಹಗ್ಗದವನು ಒಂದು ಸಿಗರೇಟು ತೆಗೆದು, ಪೆಟ್ರೋಲಿನ ನೆನಪಾಗಿ, ಹಚ್ಚದೆ ಬಾಯಲ್ಲಿಟ್ಟುಕೊಂಡ.

ಶೆಡ್ಡಿನ ಮುಂದಿನ ಮೆಟ್ಟಿಲಿಗೆ ದೋಣಿ ತಾಗಿದಾಗ ಅಪ್ಪ ಅಲ್ಲೇ, ಧಕ್ಕೆಯ ಅಂಚಿನಲ್ಲೇ, ತಮ್ಮ ತಂದು ಹಾಕಿದ ಕುರ್ಚಿಯಲ್ಲಿ ಕೂತಿದ್ದ. ಬಾಟಲಿಯನ್ನು ತಮ್ಮನಿಂದ ವಾಪಸು ಇಸಿದುಕೊಂಡಿದ್ದ. ಮುಚ್ಚಳ ತೆರೆದು ಬ್ರಶ್ಶನ್ನು ಕೈಯಲ್ಲಿ ಹಿಡಿದು ಸಿದ್ಧನಾಗಿದ್ದ. ಕೈ ನಡುಗಿ ಮೊಣಕಾಲ ಮೇಲೆ ಕೆಂಪು ಹನಿಗಳು ಬಿದ್ದಿದ್ದವು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಅದೇ ಕಷ್ಟ, ಸಿಟ್ಟಿದ್ದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

“ಸದ್ದು ಸ್ವಲ್ಪ ಒರಟಾಯ್ತು” ಎಂದ. “ಆದ್ರೂ ಎಗರುತ್ತೆ, ನೋಡಿದೆ. ಎಂಜಿನ್ ಬಿಚ್ಚಿ ಮೇಲೆ ತನ್ನಿ, ಬಣ್ಣ ಹಾಕಿಬಿಡ್ತೀನಿ. ಹಿಡ್ಕೊಳ್ಳೇ ಕೈ.”

ನಡುಕ ತೀರ ಹೆಚ್ಚಾದ ದಿನಗಳಲ್ಲಿ ಅವಳು ಅವನ ಮಣಿಕಟ್ಟು ಹಿಡಿದು ಬ್ರಶ್ಶನ್ನು ಸ್ಕ್ರೂವಿನವರೆಗೆ ಮುಟ್ಟಿಸುತ್ತಿದ್ದಳು. ಈಗಲೂ ಹಾಗೆ ಹಿಡಿಯುತ್ತಾಳೆಂದು ಅವನು ಕೈಯನ್ನು ಪೂರ್ತಿ ಸಡಿಲಬಿಟ್ಟ. ಅವಳು ಮೆಟ್ಟಿಲು ಹತ್ತಿ ಬಂದು, ಆ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬ್ರಶ್ಶು ತೆಗೆದುಕೊಂಡಳು. ಇನ್ನೊಂದು ಕೈಯಿಂದ ಬಾಟಲಿಯನ್ನೂ ತೆಗೆದುಕೊಂಡಳು. ಮತ್ತೆ ದೋಣಿಗಿಳಿದು, ಸ್ಕ್ರೂವಿನ ತಲೆಯನ್ನು ಬಟ್ಟೆಯಿಂದ ಒರೆಸಿ, ಸೀಳಿನ ಮೇಲೆ ಒಂದು ಬೊಟ್ಟು ಇಟ್ಟಳು. ಸಾಸಿವೆಗಿಂತ ಸ್ವಲ್ಪ ದೊಡ್ಡದು, ದುಂಡಗೆ. ಆ ಎಂಜಿನ್ನಿನ ಮೇಲೆ ಅಷ್ಟು ಅಚ್ಚುಕಟ್ಟಾದ ಕೆಂಪು ಎಂದೂ ಇರಲಿಲ್ಲ.

“ಇದೇನಮ್ಮ, ಇಷ್ಟೇ ಇಷ್ಟು?” ಎಂದು ಹಗ್ಗದವನು ಬಗ್ಗಿ ನೋಡಿದ.

“ಇಷ್ಟು ಸಾಕು.”

“ಕೆಂಪು ನನ್ನದಲ್ವೇನೇ?” ಅಪ್ಪನ ದನಿ ಸಣ್ಣದಾಗಿತ್ತು.

“ಅಕ್ಕ, ಬೇಕಾದ್ರೆ ಬೇರೆ ಬಣ್ಣ ತಂದುಕೊಡ್ತೀನಿ ಕಣೇ” ಎಂದು ತಮ್ಮ ಮಧ್ಯೆ ಬಂದ. “ಹಸಿರು ಯಾರದೂ ಇಲ್ಲ.”

“ಹಸಿರು ನೀನಿಟ್ಕೋ. ಕೆಲಸ ಕಲಿತ ಮೇಲೆ ಬಳಿಯೋಕಾಗುತ್ತೆ.” ಅವಳು ಮೆಟ್ಟಿಲು ಹತ್ತಿ ಅಪ್ಪನ ಮುಂದೆ ನಿಂತಳು. ಸುಲಿದ ಅಂಗೈ ಈಗ ಉರಿಯತೊಡಗಿತ್ತು. “ಇಷ್ಟು ವರ್ಷ ಜನ ಕೆಂಪು ನೋಡಿ ನಂಬಿದ್ದು ಯಾರನ್ನ ಅಂತ ನಿನಗೂ ಗೊತ್ತು ಅಪ್ಪ, ನನಗೂ ಗೊತ್ತು. ಬೇರೆ ಬಣ್ಣ ನಾನ್ಯಾಕೆ ಹುಡುಕಲಿ?”

ಅಪ್ಪ ಮೊಣಕಾಲ ಮೇಲಿನ ಕೆಂಪು ಹನಿಗಳನ್ನು ಹೆಬ್ಬೆರಳಿನಿಂದ ಒರೆಸಲು ಹೋಗಿ ಇನ್ನಷ್ಟು ಹರಡಿಕೊಂಡ. ಅವಳು ಬಗ್ಗಿ ತನ್ನ ಬಟ್ಟೆಯನ್ನು ಪೆಟ್ರೋಲಿಗೆ ಅದ್ದಿ ಅವನ ಬೆರಳು ಒರೆಸಿದಳು, ಒಂದೊಂದೇ ಬೆರಳು, ಉಗುರಿನ ಸಂದಿ ಸಹ. ಒರೆಸುತ್ತ ಒರೆಸುತ್ತಲೇ, ದನಿ ಏರಿಸದೆ, ಹಗ್ಗದವನಿಗೂ ತಮ್ಮನಿಗೂ ಪಕ್ಕದ ಶೆಡ್ಡಿನ ಬಾಗಿಲಿಗೆ ಬಂದು ನಿಂತಿದ್ದ ನೀಲಿಯವನಿಗೂ ಕೇಳುವ ಹಾಗೆ ಹೇಳಿದಳು:

“ನಾಳೆ ಇದು ಕೆಮ್ಮಿದ್ರೆ, ಮಗಳು ಮುಟ್ಟಿರಬೇಕು ಅನ್ನು. ಜೋರಾಗಿ ಅನ್ನು. ಓಡಿದ್ರೂ ಅದನ್ನೇ ಅನ್ನಬೇಕು, ಅಷ್ಟೇ.”

ಬಾಟಲಿಯ ಮುಚ್ಚಳ ಬಿಗಿದು ತನ್ನ ಜೇಬಿಗೆ ಹಾಕಿಕೊಂಡು, ಅರ್ಧ ತೊಳೆದು ಬಿಟ್ಟಿದ್ದ ಜೆಟ್ಟಿನ ಕಡೆ ನಡೆದಳು.